ಪದ್ಮಿನಿ ಕಾರಿನ ಬಾಡಿ ಜಂಗು ಹಿಡಿದಿದೆ, ಮನೆಯಲ್ಲೇ ಎಷ್ಟು ರಿಪೇರಿ ಮಾಡಬಹುದು?

ಪ್ರಶ್ನೆ: ನಮ್ಮ ತಂದೆಯವರ 1982ರ ಪ್ರೀಮಿಯರ್ ಪದ್ಮಿನಿ ಬೆಳಗಾವಿಯ ಟಿಳಕವಾಡಿಯಲ್ಲಿ ಅಕ್ಕನ ಮನೆಯ ಅಂಗಳದಲ್ಲಿ ಏಳು ವರ್ಷ ಕವರ್ ಹಾಕಿಕೊಂಡು ನಿಂತಿತ್ತು. ಈಗ ಜಮಖಂಡಿಗೆ ತಂದಿದ್ದೇನೆ. ಎಂಜಿನ್ ಚಾಲೂ ಆಗಿದೆ. ಬಾಡಿ ಮಾತ್ರ ಜಂಗು ಹಿಡಿದಿದೆ. ಡ್ರೈವರ್ ಬಾಗಿಲ ತಳದಲ್ಲಿ ಬೆರಳು ತೂರುವಷ್ಟು ತೂತು. ಮುಂದಿನ ಮಡ್‌ಗಾರ್ಡ್ ಕೆಳಗೆ ಪೇಂಟ್ ಗುಳ್ಳೆ ಎದ್ದಿದೆ. ಮ್ಯಾಟ್ ಎತ್ತಿದರೆ ಫ್ಲೋರ್ ಕೆಂಪಗಿದೆ. ಇಲ್ಲಿನ ಗ್ಯಾರೇಜಿನವರು "ಪುಟ್ಟಿ ಹಚ್ಚಿ ಪೇಂಟ್ ಹೊಡದ್ರ ಮುಗೀತ್ರಿ" ಅಂದರು. ನನಗೆ ವೆಲ್ಡಿಂಗ್ ಬರುವುದಿಲ್ಲ. ಮನೆಯಲ್ಲಿ ಡ್ರಿಲ್, ಗ್ರೈಂಡರ್ ಇವೆ, ಭಾನುವಾರಗಳು ಖಾಲಿ ಇವೆ. ನಾನೇ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾಡಬಹುದು. ಆದರೆ ಈ ಭಾನುವಾರ ಗ್ರೈಂಡರ್ ಮುಟ್ಟಬೇಡಿ. ಒಂದು ಹಳೇ ಸ್ಕ್ರೂಡ್ರೈವರ್, ಒಂದು ಟಾರ್ಚ್, ಒಂದು ತುಂಡು ಸೀಮೆಸುಣ್ಣ, ಒಂದು ತಂಬಿಗೆ ನೀರು. ಮೊದಲ ದಿನಕ್ಕೆ ಇಷ್ಟು ಸಾಕು.

ನೀರಿನ ಕೆಲಸ ಮೊದಲು. ಡ್ರೈವರ್ ಬಾಗಿಲ ಗಾಜು ಪೂರ್ತಿ ಏರಿಸಿ. ಗಾಜಿನ ಹೊರಮೈ ಮೇಲೆ ತಂಬಿಗೆಯಿಂದ ನಿಧಾನ ನೀರು ಬಿಡಿ. ನೀರು ಗಾಜಿನಗುಂಟ ಇಳಿದು ಬಾಗಿಲ ಹೊಟ್ಟೆಯೊಳಗೆ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಗಾಜಿನ ಪಕ್ಕದ ರಬ್ಬರ್ ಪಟ್ಟಿ ಯಾವ ಕಾರಿನಲ್ಲೂ ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ಹೋದ ನೀರು ತಳದ ಸಣ್ಣ ಕಿಂಡಿಗಳಿಂದ ಹೊರಗೆ ಬೀಳಬೇಕು, ಲೆಕ್ಕ ಅಷ್ಟೇ. ಕೆಳಗೆ ಕುಕ್ಕರಗಾಲಲ್ಲಿ ಕೂತು ನೋಡಿ. ನಿಮ್ಮ ಬಾಗಿಲಲ್ಲಿ ಕಿಂಡಿಗಳಿಂದ ಹನಿಯೂ ಬರಲಿಕ್ಕಿಲ್ಲ, ಆ ತೂತಿನಿಂದಲೇ ಸುರಿಯಬಹುದು. ಹೋಗಲು ದಾರಿ ಸಿಗದ ನೀರು ಏಳು ಮಳೆಗಾಲ ಅಲ್ಲೇ ಕೂತು ತಾನೇ ಒಂದು ದಾರಿ ಕೊರೆದುಕೊಂಡಿದೆ.

ಸೈಕಲ್ ಚಕ್ರದ ಕಡ್ಡಿಯೊಂದನ್ನು ತುದಿ ಬಗ್ಗಿಸಿ ಆ ಕಿಂಡಿಗಳಿಗೆ ಹಾಕಿ ಕೆರೆಯಿರಿ. ಏನೇನು ಬರುತ್ತದೆ ನೋಡಿ. ಒಮ್ಮೆ ನಾನು ಬಿಚ್ಚಿದ ಬಾಗಿಲಿನಿಂದ ಒಂದು ಬೊಗಸೆ ಒದ್ದೆ ಮಣ್ಣು, ಬೇವಿನ ಎಲೆ, ಶೇಂಗಾ ಸಿಪ್ಪೆ, ಒಂದು 25 ಪೈಸೆ ನಾಣ್ಯ ಬಂದವು. ನಾಣ್ಯ ಸ್ಟೀಲಿನದು, ಥಳಥಳ ಹೊಳೆಯುತ್ತಿತ್ತು. ಅದರ ಸುತ್ತಲಿನ ತಗಡು ಬಿಸ್ಕೀಟಿನಂತೆ ಪದರ ಪದರವಾಗಿ ಎದ್ದಿತ್ತು.

ಬಾಡಿ ಜಂಗಿನ ವಿಷಯದಲ್ಲಿ ನಾನು ಹೇಳುವ ಮಾತು ಇದೊಂದೇ. ತೂತು ಹೊರಗೆ ಕಾಣುತ್ತದೆ, ಆದರೆ ಜಂಗು ಹುಟ್ಟುವುದು ಒಳಗೆ, ನೀರು ನಿಲ್ಲುವ ಕಡೆ. ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ಸಿಕ್ಕರೆ ಜಂಗು. ಜಂಗಾದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ತಿನ್ನುತ್ತದೆ, ಹಾಗಾಗಿ ಪೇಂಟನ್ನು ಒಳಗಿಂದ ನೂಕುತ್ತದೆ. ನಿಮ್ಮ ಮಡ್‌ಗಾರ್ಡಿನ ಗುಳ್ಳೆ ಅದೇ. ಗುಳ್ಳೆ ಬಟಾಣಿ ಗಾತ್ರ ಇದ್ದರೆ ಹಿಂದುಗಡೆ ಅಂಗೈ ಅಗಲದ ಜಾಗ ಕೆಟ್ಟಿದೆ ಅಂತಲೇ ಲೆಕ್ಕ ಹಿಡಿಯಿರಿ. ಹೊರಗಿಂದ ಉಜ್ಜಿ ಪುಟ್ಟಿ ತುಂಬಿದರೆ ಹಿಂದಿನ ಕೆಲಸ ನಿಲ್ಲುವುದಿಲ್ಲ. ಎರಡು ಮಳೆಗಾಲಕ್ಕೆ ಪುಟ್ಟಿ ತಟ್ಟೆಯಂತೆ ಎದ್ದು ಬರುತ್ತದೆ.

ನಿಮ್ಮ ಗ್ಯಾರೇಜಿನವರನ್ನು ಬೈಯುವುದಿಲ್ಲ. ಹಳೇ ಗಾಡಿ ತರುವವರಲ್ಲಿ ಜಾಸ್ತಿ ಜನ ಮಾರೋಕೆ ಮುಂಚೆ ಚೆಂದ ಕಾಣಲಿ ಅಂತ ಬರುವವರು, ಇಲ್ಲವೇ ಮನೆಯಲ್ಲಿ ಮದುವೆ ಇದೆ, ಹದಿನೈದು ದಿನದಲ್ಲಿ ಮುಗಿಸಿ ಅನ್ನುವವರು. ಅವರಿಗೆ ಆ ಉತ್ತರ ಸರಿ. ನೀವು ತಂದೆಯ ಕಾರು ಇಟ್ಟುಕೊಳ್ಳುವವರು.

ಇನ್ನೊಂದು ಒಳ್ಳೆಯ ಸುದ್ದಿ. ಗಾಡಿಯನ್ನು ಜಮಖಂಡಿಗೆ ತಂದದ್ದೇ ಅರ್ಧ ಔಷಧ. ಬೆಳಗಾವಿಯ ಮಳೆ ನಿಮ್ಮ ಕಡೆಯದಕ್ಕಿಂತ ಸುಮಾರು ಎರಡು ಪಟ್ಟು. ಮಳೆ ನಿಂತ ಮೇಲೂ ಗಾಳಿಯಲ್ಲಿ ತೇವ ಇರುತ್ತದೆ. ಪ್ಲಾಸ್ಟಿಕ್ ಕವರ್ ಹಾಕಿದರೆ ನೆಲದಿಂದ ಏಳುವ ಹಬೆ ಅದರ ಕೆಳಗೆ ಸಿಕ್ಕಿಕೊಂಡು ರಾತ್ರಿಯೆಲ್ಲಾ ಬಾಡಿಯ ಮೇಲೆ ಬೆವರು ಹನಿಸುತ್ತದೆ. ಅಕ್ಕ ಪ್ರೀತಿಯಿಂದಲೇ ಕವರ್ ಹಾಕಿಸಿದ್ದಾರೆ, ಅವರಿಗೆ ಇದನ್ನು ಓದಿಸಬೇಡಿ. ಜಮಖಂಡಿಯಲ್ಲಿ ಗಾಳಿ ಒಣ. ಆದರೆ ನಿಮ್ಮ ಎರೆಮಣ್ಣು ಮಹಾ ಕಾಟ. ಚಕ್ರದ ಮೇಲಿನ ಗೂಡಿನಲ್ಲಿ ಹಿಡಿ ಎರೆಮಣ್ಣು ಅಂಟಿದರೆ ಹೊರಗೆ ಒಣಗಿದಂತೆ ಕಾಣುತ್ತದೆ, ಒಳಗೆ ವಾರಗಟ್ಟಲೆ ಹಸಿ ಇರುತ್ತದೆ. ಮಡ್‌ಗಾರ್ಡ್ ಕೆಳಭಾಗ ತಿನ್ನುವುದು ಈ ಮಣ್ಣೇ. ಚಕ್ರ ಬಿಚ್ಚಿ, ಕೈ ಹಾಕಿ, ಮೂಲೆಮೂಲೆಯಿಂದ ಅದನ್ನು ತೆಗೆಯಿರಿ.

ಈಗ ಸ್ಕ್ರೂಡ್ರೈವರ್. ಮೊದಲು ಹಿಡಿಯಿಂದ ಬಾಡಿಯ ಕೆಳಭಾಗವನ್ನೆಲ್ಲಾ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಹಳೇ ಪುಟ್ಟಿ ಇರುವ ಕಡೆ, ಜಂಗು ತಿಂದ ಕಡೆ, ಬಡ್ ಅಂತ ಸತ್ತ ದನಿ. ಅನುಮಾನ ಬಂದಲ್ಲಿ ಸ್ಪೀಕರ್‌ನ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಇಟ್ಟು ನೋಡಿ, ಪುಟ್ಟಿ ದಪ್ಪ ಇದ್ದರೆ ಹಿಡಿಯುವುದಿಲ್ಲ. ಆಮೇಲೆ ತುದಿಯಿಂದ ಒತ್ತಿ. ಚುಚ್ಚಿದರೆ ಹಾಳಾಗುತ್ತೆ ಅಂತ ಹೆದರಬೇಡಿ. ಸ್ಕ್ರೂಡ್ರೈವರ್ ಒಳಗೆ ಹೋಯಿತು ಅಂದರೆ ಅಲ್ಲಿ ತಗಡು ಮೊದಲೇ ಇರಲಿಲ್ಲ. ಸೀಮೆಸುಣ್ಣದಿಂದ ಗುರುತು ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಮನೆಯಲ್ಲಿ ಯಾವುದು, ಹೊರಗೆ ಯಾವುದು ಅನ್ನುವುದು ಇಲ್ಲಿ ತೀರ್ಮಾನ ಆಗುತ್ತದೆ. ನಮ್ಮ ಕಡೆ "ಬಾಡಿ ಹೋದ್ರೇನು, ಚಾಸಿ ಗಟ್ಟಿ ಐತಿ" ಅನ್ನುವ ಮಾತಿದೆ. ಜೀಪಿಗೆ, ಲಾರಿಗೆ ಅದು ಸರಿ. ಪದ್ಮಿನಿಗೆ ಬೇರೆ ಚಾಸಿಯೇ ಇಲ್ಲ. ಅದು ಫಿಯಟ್ 1100 ಕಾರಿನ ಕುಲ, ಬಾಡಿಯೇ ಚಾಸಿ. ಅಂಬಾಸಡರ್ ಕೂಡ ಹಾಗೇ. ಆದ್ದರಿಂದ ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ಪೆಟ್ಟಿಗೆ, ಗ್ಯಾರೇಜಿನಲ್ಲಿ ರನ್ನಿಂಗ್ ಬೋರ್ಡ್ ಅನ್ನುತ್ತಾರಲ್ಲ, ಅದು ಗಾಡಿಯ ಬೆನ್ನೆಲುಬು. ಜಾಕ್ ಹಾಕುವ ಜಾಗ, ಬಾಗಿಲ ಕಂಬಗಳ ಬುಡ, ಸೀಟಿನ ಬೋಲ್ಟು ಕೂರುವ ಜಾಗ, ಹಿಂದಿನ ಪಾಟಾ ಸ್ಪ್ರಿಂಗ್ ಹಿಡಿದಿರುವ ಕಡೆ, ಮುಂದಿನ ಸಸ್ಪೆನ್ಷನ್ ಕೂರುವ ಕಡೆ, ಇವೂ ಎಲುಬೇ. ಇಲ್ಲೆಲ್ಲಾ ಸ್ಕ್ರೂಡ್ರೈವರ್ ಒಳಗೆ ಹೋದರೆ ಕೈ ತೊಳೆದುಕೊಂಡು ಬಾಡಿ ತಗಡಿನ ಕೆಲಸ ಮಾಡುವ ಟಿಂಕರ್ ಹತ್ತಿರ ಹೋಗಿ. ಭಾನುವಾರದ ಕೆಲಸ ಅಲ್ಲ ಅದು.

ನಾನು ಕಲಿಯುವಾಗ ಈ ತಪ್ಪು ಮಾಡಿದ್ದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಉಸ್ತಾದರ ಕೈಕೆಳಗೆ ಎರಡು ವರ್ಷ ಆಗಿತ್ತು, ಎಲ್ಲಾ ಬರುತ್ತೆ ಅನ್ನೋ ಗರ್ವ. ಉಸ್ತಾದರು ಊರಿಗೆ ಹೋದಾಗ ಒಂದು ಪದ್ಮಿನಿಯನ್ನು ನಡುವೆ ಜಾಕ್ ಮೇಲೆ ಎತ್ತಿ, ಒಂದು ಬದಿಯ ಆ ಪೆಟ್ಟಿಗೆಯನ್ನು ಪೂರ್ತಿ ಕತ್ತರಿಸಿ ತೆಗೆದೆ. ಹೊಸ ತಗಡು ಬೆಸೆದೆ. ಚೆಂದ ಕಾಣುತ್ತಿತ್ತು. ಗಾಡಿ ಕೆಳಗಿಳಿಸಿದ ಮೇಲೆ ಹಿಂದಿನ ಬಾಗಿಲು ಮುಚ್ಚಲಿಲ್ಲ. ಮುಚ್ಚಿದರೆ ತೆರೆಯಲಿಲ್ಲ. ಕತ್ತರಿಸಿದ ಹೊತ್ತಿನಲ್ಲಿ ಬಾಡಿ ಒಂದಿಷ್ಟು ಜೋತುಬಿದ್ದಿತ್ತು, ನಾನು ಅದನ್ನು ಹಾಗೇ ಬೆಸೆದು ಖಾಯಂ ಮಾಡಿದ್ದೆ. ಉಸ್ತಾದರು ಬಂದು ನೋಡಿ ಬೈಯಲಿಲ್ಲ. ಬಾಗಿಲ ಸಂದಿಗೆ ಒಂದು ರೂಪಾಯಿ ನಾಣ್ಯ ಹಾಕಿದರು. ಕೆಳಗೆ ಹೋಗಲಿಲ್ಲ, ಮೇಲೆ ಎರಡು ನಾಣ್ಯ ಹೋದವು. "ಕತ್ತರಿಸೋಕಿಂತ ಮೊದ್ಲ ಇದನ್ನ ನೋಡಬೇಕಿತ್ತಲ್ಲೋ" ಅಂದರು, ಅಷ್ಟೇ. ಎಲ್ಲಾ ಬಿಚ್ಚಿ ಮತ್ತೆ ಮಾಡಿದೆವು.

ಟಿಂಕರ್‌ಗೆ ಕೊಡುವಾಗ ನೀವೂ ಆ ನಾಣ್ಯದ ಪರೀಕ್ಷೆ ಮಾಡಿ, ಸಂದಿಗಳನ್ನು ಬರೆದಿಟ್ಟುಕೊಳ್ಳಿ. ಗಾಡಿ ನಾಲ್ಕೂ ಕಡೆ ಸಮ ನಿಂತಿರಬೇಕು, ಬಾಗಿಲ ಚೌಕಟ್ಟಿಗೆ ಅಡ್ಡ ಆ್ಯಂಗಲ್ ಕೊಟ್ಟಿರಬೇಕು, ಎರಡೂ ಬದಿ ಒಮ್ಮೆಗೇ ಕತ್ತರಿಸಬಾರದು. ಕೆಲಸ ಬಲ್ಲವರು ಇದನ್ನು ಕೇಳಿದರೆ ನಗುತ್ತಾರೆ, ಬಾರದವರು ಸಿಟ್ಟಾಗುತ್ತಾರೆ. ಅದೂ ಒಂದು ಪರೀಕ್ಷೆಯೇ. ಹಳೇ ರಿಪೇರಿ ಆಗಿರುವ ಜಾಗವನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಒಂದು ಗಾಡಿಯ ಪೆಟ್ಟಿಗೆಯೊಳಗಿಂದ ನಾನು ಉಂಡೆ ಮಾಡಿ ತುರುಕಿದ ಮರಾಠಿ ಪೇಪರ್ ತೆಗೆದಿದ್ದೇನೆ. ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಹೊಳೆಯುವ ಪೇಂಟ್. ಪೇಪರ್ ಇನ್ನೂ ಒದ್ದೆ ಇತ್ತು.

ನಿಮ್ಮ ಫ್ಲೋರ್ ವಿಷಯ. ಕೆಂಪಗಿದೆ ಅಂದಿರಿ, ತೂತು ಅನ್ನಲಿಲ್ಲ. ಮ್ಯಾಟ್ ಕೆಳಗೆ ಡಾಂಬರಿನ ಹಾಳೆ ಅಂಟಿಸಿರಬಹುದು, ಅದನ್ನು ಉಳಿಯಿಂದ ಎಬ್ಬಿಸಿ. ಅದರ ಅಡಿಯಲ್ಲೇ ನೀರು ಅಡಗಿರುತ್ತದೆ. ಸ್ಕ್ರೂಡ್ರೈವರ್ ಹೋಗದಿದ್ದರೆ ಮೇಲ್ಮೈ ಜಂಗು ಅಷ್ಟೇ, ಪೂರ್ತಿ ನಿಮ್ಮ ಕೈಯಲ್ಲೇ ಆಗುವ ಕೆಲಸ. ಆದರೆ ನೀರು ಎಲ್ಲಿಂದ ಬಂತು? ಒಬ್ಬರನ್ನು ಒಳಗೆ ಟಾರ್ಚ್ ಕೊಟ್ಟು ಕೂರಿಸಿ, ನೀವು ಹೊರಗೆ ಪೈಪ್ ಹಿಡಿದು ಮುಂದಿನ ಗಾಜಿನ ರಬ್ಬರ್ ಮೇಲೆ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲಿನಿಂದ ಶುರು ಮಾಡಿದರೆ ಎಲ್ಲಾ ಕಡೆ ಒದ್ದೆಯಾಗಿ ಸೋರುವ ಜಾಗ ಗೊತ್ತಾಗುವುದಿಲ್ಲ. ನಲವತ್ತು ವರ್ಷದ ರಬ್ಬರ್ ಬೀಡಿಂಗ್ ಬೆಲ್ಲದಚ್ಚಿನಂತೆ ಗಟ್ಟಿಯಾಗಿರುತ್ತದೆ, ಮೂಲೆಗಳಲ್ಲಿ ಸೋರದೇ ಇದ್ದರೆ ಆಶ್ಚರ್ಯ. ಹೊಸ ಬೀಡಿಂಗ್ ಹಾಕಿಸದೆ ಫ್ಲೋರಿಗೆ ಪೇಂಟ್ ಹೊಡೆಯುವುದು ಸುಮ್ನೆ ದುಡ್ಡು ದಂಡ.

ಈಗ ಬಾಗಿಲು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವೆಲ್ಡಿಂಗ್ ಬಾರದವರಿಗೂ ಇದು ಒಳ್ಳೆಯ ಪಾಠ. ಬಾಗಿಲು ಗಾಡಿಯಿಂದ ಬಿಚ್ಚಿ ಬರುತ್ತದೆ. ವೆಲ್ಡರನ್ನು ಮನೆಗೆ ಕರೆಯುವ ಬದಲು ಬಾಗಿಲನ್ನೇ ಅವರ ಹತ್ತಿರ ಒಯ್ಯಬಹುದು. ಹಿಂಜಸ್ ಕೂತ ಜಾಗದ ಸುತ್ತ ಮೊಳೆಯಿಂದ ಗೀರು ಎಳೆಯಿರಿ, ಮತ್ತೆ ಕೂರಿಸುವಾಗ ಅದೇ ಗುರುತು. ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ಜಂಗು ಬಿಡಿಸುವ ಎಣ್ಣೆ ಬಿಡಿ. ಬಿಚ್ಚುವಾಗ ಇನ್ನೊಬ್ಬರು ಬಾಗಿಲು ಹಿಡಿದಿರಲಿ.

ಅಂಗಳದಲ್ಲಿ ಹಳೇ ಕಂಬಳಿ ಹಾಸಿ ಬಾಗಿಲು ಮಲಗಿಸಿ, ಒಳಗಿನ ರೆಕ್ಸಿನ್ ಹಲಗೆ ತೆಗೆಯಿರಿ, ಗಾಜು ಮತ್ತು ಅದನ್ನು ಏರಿಸುವ ಯಂತ್ರ ತೆಗೆಯಿರಿ. ತೂತಿನ ಸುತ್ತ ಪೇಂಟ್ ಕಿತ್ತು ಬಿಳಿ ತಗಡು ಕಾಣುವತನಕ ಹೋಗಿ. ಮೊದಲು ವೈರ್ ಬ್ರಷ್. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಆದ್ದರಿಂದ ಪುಡಿ ಹಾರಿಸಬೇಡಿ. ಒದ್ದೆ ಮಾಡಿ ಉಜ್ಜಿ, ಮೂಗಿಗೆ ಧೂಳು ತಡೆಯುವ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಗ್ರೈಂಡರ್ ಹಿಡಿದಾಗ ಕಣ್ಣಿಗೆ ಗಾಗಲ್, ಗ್ರೈಂಡರಿಗೆ ಗಾರ್ಡ್, ಮೈಗೆ ಬಿಗಿ ಬಟ್ಟೆ. ಲುಂಗಿ ಉಟ್ಟು ಗ್ರೈಂಡರ್ ಹಿಡಿದವರ ಕಥೆ ನನ್ನ ಹತ್ತಿರ ಎರಡು ಇವೆ, ಇಲ್ಲಿ ಬೇಡ.

ಎಲ್ಲಿಯವರೆಗೆ ಕತ್ತರಿಸಬೇಕು? ತಗಡಿನಲ್ಲಿ ಸಣ್ಣ ಗುಂಡಿಗಳು ಕಾಣುವುದು ನಿಂತ ಮೇಲೆ ಇನ್ನೊಂದು ಬೆರಳಿನಷ್ಟು ಮುಂದೆ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ತೆಳ್ಳಗಾದ ಅಂಚಿಗೆ ವೆಲ್ಡಿಂಗ್ ನಿಲ್ಲುವುದಿಲ್ಲ, ಬೆಂಕಿ ತಾಗಿದೊಡನೆ ಹಪ್ಪಳದ ಅಂಚಿನಂತೆ ಮುದುಡಿ ಹಾರಿ ಹೋಗುತ್ತದೆ. ಕತ್ತರಿಸಿದ ಮೂಲೆಗಳು ಚೂಪಾಗಿರದೆ ದುಂಡಗಿರಲಿ.

ತೇಪೆಯ ಅಳತೆಗೆ ಹಳೇ ಲಗ್ನಪತ್ರಿಕೆ ತೆಗೆದುಕೊಳ್ಳಿ. ತಮಾಷೆ ಅಲ್ಲ, ಅಷ್ಟು ಒಳ್ಳೆಯ ಗಟ್ಟಿ ಕಾಗದ ಬೇರೆ ಸಿಗುವುದಿಲ್ಲ. ಅದನ್ನು ಜಾಗಕ್ಕೆ ಹಿಡಿದು, ಬೆರಳಿನಿಂದ ಅಂಚು ಒತ್ತಿ ಗುರುತು ಮೂಡಿಸಿ, ಕತ್ತರಿಸಿ, ಬಗ್ಗಿಸಿ, ಕೂರುತ್ತದೆಯೋ ನೋಡಿ. ಕಾಗದ ಸರಿ ಕೂತ ಮೇಲೆ ಮಾತ್ರ ತಗಡಿಗೆ ಕೈ ಹಾಕಿ. ಬಾಗಿಲಿಗೆ, ಮಡ್‌ಗಾರ್ಡಿಗೆ 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ತಗಡು, ಅಂದರೆ ಸುಮಾರು 0.9 ಮಿ.ಮೀ. ದಪ್ಪ. ಫ್ಲೋರಿಗೆ ತೇಪೆ ಬೇಕಾದರೆ 18 ಗೇಜು, ಸುಮಾರು 1.2 ಮಿ.ಮೀ. ಅಂಗಡಿಯವರು ಜಿ.ಐ. ತಗಡು ಕೊಟ್ಟು "ಇದಕ್ಕ ಜಂಗ ಹಿಡಿಯೂದಿಲ್ಲ" ಅಂದರೆ ಬೇಡ ಅನ್ನಿ. ಅದರ ಮೇಲಿನ ಸತುವು ವೆಲ್ಡಿಂಗ್ ಬೆಂಕಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದ ವೆಲ್ಡರ್‌ಗೆ ಅವತ್ತು ರಾತ್ರಿ ಚಳಿಜ್ವರ.

ತಗಡು ಬಗ್ಗಿಸಲು ಮೇಜಿನ ಅಂಚಿಗೆ ಒಂದು ಆ್ಯಂಗಲ್ ಕಟ್ಟಿ, ಮರದ ಕೊಡತಿಯಿಂದ ತಟ್ಟಿ. ಕಬ್ಬಿಣದ ಸುತ್ತಿಗೆ ಹೊಡೆದಲ್ಲೆಲ್ಲಾ ತಗಡು ಹಿಗ್ಗುತ್ತದೆ, ಹಿಗ್ಗಿದ್ದು ಡಬ್ಬದ ಮುಚ್ಚಳದಂತೆ ಟಪಟಪ ಅನ್ನುತ್ತದೆ. ತೇಪೆ ಹಳೇ ತಗಡಿನ ಮೇಲೆ ಹತ್ತಿ ಕೂರಬಾರದು, ಅಂಚಿಗೆ ಅಂಚು ಕೂಡಬೇಕು. ನಡುವೆ ಹಳೇ ಹ್ಯಾಕ್ಸಾ ಬ್ಲೇಡಿನ ದಪ್ಪದಷ್ಟು ಸಂದಿ. ಒಂದರ ಮೇಲೊಂದು ಹಾಕಿ ಬೆಸೆದರೆ ಆ ಎರಡರ ನಡುವೆ ನೀರಿಗೆ ಹೊಸ ಮನೆ ಕಟ್ಟಿಕೊಟ್ಟಂತೆ. ತಳದಲ್ಲಿ ನೀರಿನ ಕಿಂಡಿ ಎಲ್ಲಿತ್ತೋ ಅಲ್ಲೇ ಕೊರೆಯಲು ಮರೆಯಬೇಡಿ. ಇದನ್ನು ಮರೆತ ಬಾಗಿಲುಗಳು ನನ್ನ ಹತ್ತಿರ ರಿಪೇರಿಗೆ ಬಂದಿವೆ.

ಇಷ್ಟು ಮಾಡಿ ಬಾಗಿಲನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ. ಗೇಟು, ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗಿನವರ ಹತ್ತಿರ ಬೇಡ. ಅವರ ರಾಡು ಈ ತಗಡನ್ನು ತೂತು ಮಾಡಿಬಿಡುತ್ತದೆ. ರಾಡಿನ ಬದಲು ತೆಳು ವೈರ್ ಬಳಸುವ ಸಿಒಟು (CO2) ವೆಲ್ಡಿಂಗ್ ಇರುವ ಕಡೆ ಕೇಳಿ, ವೈರ್ 0.8 ಮಿ.ಮೀ. ಅಥವಾ ಅದಕ್ಕಿಂತ ಸಣ್ಣದು ಇರಲಿ. ಉದ್ದಕ್ಕೆ ಎಳೆಯಬೇಡಿ, ಬರೀ ಚುಕ್ಕೆ ಹಾಕಿ ಅನ್ನಿ. ಒಂದು ಚುಕ್ಕೆ ಇಲ್ಲಿ, ಮುಂದಿನದು ಎದುರು ಬದಿ, ಆಮೇಲೆ ನಡುವೆ. ಕೈ ಇಟ್ಟು ತಡೆಯುವಷ್ಟು ತಣ್ಣಗಾದ ಮೇಲೆ ಮತ್ತೆ. ರಂಗೋಲಿಗೆ ಚುಕ್ಕಿ ಇಟ್ಟು ಆಮೇಲೆ ಕೂಡಿಸಿದಂತೆ. ಅವಸರಕ್ಕೆ ಒಂದೇ ಎಳೆ ಎಳೆದರೆ ಬಾಗಿಲ ಹೊರಮೈ ಅಲೆ ಅಲೆಯಾಗುತ್ತದೆ, ಆ ಅಲೆ ಮುಚ್ಚಲು ಕೆಜಿಗಟ್ಟಲೆ ಪುಟ್ಟಿ ಬೇಕು.

ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಟ್ಯಾಂಕ್ ಖಾಲಿ ಇದೆಯಲ್ಲಾ ಅನ್ನಬೇಡಿ, ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ, ಅದೇ ಜಾಸ್ತಿ ಅಪಾಯ. ಒಂದು ಬಕೆಟ್ ನೀರು, ಒದ್ದೆ ಗೋಣಿಚೀಲ ಪಕ್ಕದಲ್ಲಿರಲಿ. ಡಾಂಬರು, ರೆಕ್ಸಿನ್, ಸೀಟಿನ ತೆಂಗಿನ ನಾರು ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಗಾಡಿ ಕೆಳಗೆ ತೂರುವಾಗ ಬರೀ ಜಾಕ್ ನಂಬಬೇಡಿ, ಇಟ್ಟಿಗೆಯನ್ನಂತೂ ಬೇಡವೇ ಬೇಡ. ಸ್ಟ್ಯಾಂಡ್ ಇಡಿ.

ಕತ್ತರಿಸುವ ಅಗತ್ಯವಿಲ್ಲದ ಕಡೆ, ನಿಮ್ಮ ಫ್ಲೋರಿನಂಥ ಕಡೆ, ಔಷಧ ನಡೆಯುತ್ತದೆ. ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಅಂತ ಸಿಗುತ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಟ್ಯಾನಿಕ್ ಆಮ್ಲ. ಎರಡನೆಯದು ನಮ್ಮ ಅಜ್ಜಂದಿರಿಗೆ ಗೊತ್ತಿದ್ದದ್ದೇ. ಅಳಲೆಕಾಯಿ ನೆನೆಸಿದ ನೀರಿಗೆ ಜಂಗು ಹಿಡಿದ ಮೊಳೆ ಹಾಕಿದರೆ ಕರ್ರಗೆ ಶಾಯಿಯಾಗುತ್ತದಲ್ಲ, ಅದೇ ಕ್ರಿಯೆ. ಕೆಂಪು ಜಂಗು ಕಪ್ಪಾಗಿ ಗಟ್ಟಿ ಪದರವಾಗುತ್ತದೆ. ಆದರೆ ಉದುರುವ ಜಂಗಿನ ಮೇಲೆ ಹಚ್ಚಿದರೆ ಕಪ್ಪಾಗಿ ಉದುರುತ್ತದೆ, ಅಷ್ಟೇ ವ್ಯತ್ಯಾಸ. ಮೊದಲು ಕೆರೆದು, ಉಜ್ಜಿ, ಬಿಡುವುದೆಲ್ಲಾ ಬಿಟ್ಟ ಮೇಲೆ ಗುಂಡಿಯೊಳಗೆ ಉಳಿದದ್ದಕ್ಕೆ ಮಾತ್ರ ಇದು.

ಹಿಂಜಸ್, ಬೋಲ್ಟು, ಬ್ರಾಕೆಟ್ಟಿನಂಥ ಸಣ್ಣ ಸಾಮಾನಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಒಂದು ಲೀಟರ್ ನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಬಕೆಟ್, ಒಂದು ರಾತ್ರಿ. ಬೆಳಗ್ಗೆ ಬ್ರಷ್ಷಿನಿಂದ ಉಜ್ಜಿ, ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಕ್ಷಣ ಪ್ರೈಮರ್. ಅಲ್ಯೂಮಿನಿಯಂ ಸಾಮಾನನ್ನೂ ಸ್ಪ್ರಿಂಗುಗಳನ್ನೂ ಅದರಲ್ಲಿ ಮುಳುಗಿಸಬೇಡಿ. ನಮ್ಮದು ಕಬ್ಬಿನ ಸೀಮೆ, ಕಾಕಂಬಿ (ಮೊಲಾಸಿಸ್) ನೀರಲ್ಲಿ ಅದ್ದಿದರೆ ಜಂಗು ಬಿಡುತ್ತದಂತೆ ನಿಜವೇ ಅಂತ ಕೇಳುವವರಿದ್ದಾರೆ. ನಿಜ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು, ಎರಡು ವಾರ. ಒಳ್ಳೆಯ ತಗಡನ್ನು ಮುಟ್ಟದೆ ಜಂಗನ್ನಷ್ಟೇ ಕರಗಿಸುತ್ತದೆ. ಆದರೆ ಹುಳಿತ ವಾಸನೆಗೆ ಮನೆಯವರು ನಿಮ್ಮನ್ನೂ ಬಕೆಟ್ಟನ್ನೂ ಹೊರಗೆ ಹಾಕುತ್ತಾರೆ. ಮೇಲಾಗಿ ಕಾಕಂಬಿ ಅಬಕಾರಿ ಇಲಾಖೆಯ ಹತೋಟಿಯಲ್ಲಿರುವ ಸರಕು, ಫ್ಯಾಕ್ಟರಿಗೆ ಕ್ಯಾನ್ ಹಿಡಿದು ಹೋಗಿ ತರುವಂಥದ್ದಲ್ಲ. ನಿಂಬೆ ಉಪ್ಪೇ ಸಲೀಸು.

ಬಿಳಿ ಮಾಡಿದ ತಗಡನ್ನು ಒಂದು ರಾತ್ರಿಯೂ ಹಾಗೇ ಬಿಡಬೇಡಿ. ಬರಿಗೈಯಿಂದ ಮುಟ್ಟಿದರೆ ಬೆವರಿನ ಉಪ್ಪಿಗೆ ಮರುದಿನ ಐದೂ ಬೆರಳು ಕೆಂಪಗೆ ಮೂಡಿರುತ್ತವೆ. ಥಿನ್ನರ್ ಹಾಕಿದ ಶುದ್ಧ ಬಟ್ಟೆಯಿಂದ ಒರೆಸಿ, ಅವತ್ತೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಎರಡು ಡಬ್ಬಿಯದು, ಬೆರೆಸುವ ಪ್ರಮಾಣ ಡಬ್ಬಿಯ ಮೇಲೇ ಇರುತ್ತದೆ. ಗೇಟಿಗೆ ಹಚ್ಚುವ ರೆಡ್ ಆಕ್ಸೈಡ್ ಇಲ್ಲಿ ಬೇಡ. ಅದು ನೀರನ್ನು ಒಳಗೆ ಬಿಡುತ್ತದೆ, ಕಾರಿನ ಪೇಂಟಿನ ಥಿನ್ನರ್ ತಾಗಿದರೆ ಸುಕ್ಕುಗಟ್ಟುತ್ತದೆ.

ಪುಟ್ಟಿ ಇದರ ಮೇಲೆ. ಹೌದು, ಪುಟ್ಟಿ ಬೇಕೇ ಬೇಕು, ಆದರೆ ತಗಡಿನ ಬದಲಿಗೆ ಬೇಡ. ವೆಲ್ಡಿಂಗಿನ ಏರುಪೇರು ಮುಚ್ಚಲು ಎರಡು ಮಿ.ಮೀ. ಸಾಕು. 100 ಗ್ರಾಂ ಪುಟ್ಟಿಗೆ ಸುಮಾರು 2 ಗ್ರಾಂ ಹಾರ್ಡ್ನರ್. ನಿಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಅರ್ಧ ಕಪ್ ಚಹಾ ಕುಡಿಯುವಷ್ಟರಲ್ಲಿ ಕಲ್ಲಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ನಮ್ಮ ಗ್ಯಾರೇಜುಗಳ ಒಂದು ಅಭ್ಯಾಸ ಮಾತ್ರ ಬಿಡಿ. ಪುಟ್ಟಿ ಹಚ್ಚಿ ನೀರು ಹಾಕಿ ಪಾಲಿಶ್ ಪೇಪರ್ ಉಜ್ಜುತ್ತಾರೆ. ಪುಟ್ಟಿ ನೀರು ಕುಡಿಯುತ್ತದೆ. ಆ ನೀರು ಪೇಂಟಿನ ಕೆಳಗೆ ಸಿಕ್ಕಿಕೊಂಡು ಮೂರು ತಿಂಗಳಿಗೆ ಸಾಸಿವೆ ಕಾಳಿನಂಥ ಗುಳ್ಳೆಗಳಾಗಿ ಏಳುತ್ತದೆ. ಪುಟ್ಟಿಯನ್ನು ಒಣಗಿದಂತೆಯೇ ಉಜ್ಜಿ, ಮಾಸ್ಕ್ ಹಾಕಿಕೊಂಡು. ನೀರು ಬೇಕಾದರೆ ಅದರ ಮೇಲೆ ಮತ್ತೆ ಪ್ರೈಮರ್ ಹೊಡೆದ ಮೇಲೆ.

ಕೊನೆಯ ಪೇಂಟ್ ಮನೆಯಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಈಗಿನ ಹಾರ್ಡ್ನರ್ ಹಾಕುವ ಪಿ.ಯು. (ಪಾಲಿಯುರೆಥೇನ್) ಪೇಂಟಿನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಶ್ವಾಸಕ್ಕೆ ಹೋದರೆ ಆಸ್ತಮಾ ಬರಬಹುದು. ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ. ಎಲ್ಲಾ ಸಿದ್ಧ ಮಾಡಿ ಪೇಂಟ್ ಬೂತ್ ಇರುವವರಿಗೆ ಕೊಡಿ. ಬಣ್ಣ ಬದಲಿಸುವ ಆಸೆ ಇದ್ದರೆ ಆರ್.ಸಿ.ಯಲ್ಲೂ ಬದಲಿಸಬೇಕು. ನನ್ನ ಮಾತು ಕೇಳಿದರೆ ಬದಲಿಸಬೇಡಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ ಅದು. ನಿಮ್ಮದಕ್ಕೆ 2032ಕ್ಕೆ 50 ತುಂಬುತ್ತದೆ. ಬಿಚ್ಚುವ ಪ್ರತಿ ಹಂತದ ಫೋಟೋ ಇಟ್ಟುಕೊಳ್ಳಿ. ಚಾಸಿ ನಂಬರ್ ಹೊಡೆದ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಅಲ್ಲಿ ಜಂಗು ಇದ್ದರೆ ಕೈಯಿಂದ ಮೆಲ್ಲಗೆ.

ಪೇಂಟ್ ಆಗಿ ಬಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ಜಾಸ್ತಿ ಜನ ಬಿಡುವುದು ಇದನ್ನೇ. ಬಾಗಿಲ ಹೊಟ್ಟೆ, ರನ್ನಿಂಗ್ ಬೋರ್ಡಿನ ಒಳಗು, ಡಿಕ್ಕಿಯ ಮೂಲೆಗಳು, ಇಲ್ಲೆಲ್ಲಾ ಒಳಗಡೆಗೆ ಮೇಣದ ಸ್ಪ್ರೇ ಹೊಡೆಯಬೇಕು. ಉದ್ದ ನಳಿಕೆ ಇರುವ ಕ್ಯಾವಿಟಿ ವ್ಯಾಕ್ಸ್ ಡಬ್ಬಿ ಸಿಗುತ್ತದೆ. ಹಿಂದೆ ಸುಟ್ಟ ಎಂಜಿನ್ ಆಯಿಲ್ ಹೊಡೆಯುತ್ತಿದ್ದರು, ನಾವೂ ಹೊಡೆದಿದ್ದೇವೆ. ಅದು ರಬ್ಬರ್ ಕೆಡಿಸುತ್ತದೆ, ಧೂಳು ಹಿಡಿಯುತ್ತದೆ, ಅಂಗಳವೆಲ್ಲಾ ಕಪ್ಪು ಮಾಡುತ್ತದೆ. ಹೊಡೆಯುವಾಗ ನೀರಿನ ಕಿಂಡಿಗಳಿಗೆ ಬೆಂಕಿಕಡ್ಡಿ ಚುಚ್ಚಿಡಿ, ಮರುದಿನ ಎಳೆದು ತೆಗೆಯಿರಿ. ಇಲ್ಲದಿದ್ದರೆ ಮೇಣವೇ ಕಿಂಡಿ ಮುಚ್ಚುತ್ತದೆ.

ಕಾಲದ ಲೆಕ್ಕ ಹೀಗಿಟ್ಟುಕೊಳ್ಳಿ. ಬಿಚ್ಚುವುದು, ಕತ್ತರಿಸುವುದು, ಪ್ರೈಮರ್ ದೀಪಾವಳಿ ಆದ ಮೇಲೆ. ಪುಟ್ಟಿ ಸಂಕ್ರಾಂತಿಯ ಆಚೀಚೆ. ಪೇಂಟ್ ಯುಗಾದಿಯೊಳಗೆ. ಮೇಣ ಮಿರಗದ (ಮೃಗಶಿರಾ) ಮಳೆಗೆ ಮುಂಚೆ. ಅಲ್ಲಿಯವರೆಗೆ ಆ ಕವರ್ ತೆಗೆದು ಹಾಕಿ. ಛಾವಣಿ ಕೆಳಗೆ, ನೆಲಕ್ಕೆ ಫರಸಿ ಇರುವ ಕಡೆ, ಕಿಟಕಿ ಗಾಜು ಒಂದು ಬೆರಳು ಇಳಿಸಿ ನಿಲ್ಲಿಸಿ. ಧೂಳಿಗೆ ಏನಾದರೂ ಹೊದಿಸಲೇಬೇಕು ಅಂದರೆ ಹಳೇ ಕಾಟನ್ ಚಾದರ ಹೊದಿಸಿ. ಅದರಲ್ಲಿ ಗಾಳಿ ಆಡುತ್ತದೆ.